ಬಾಗಿದ ಗಾಲಿ, ಕೆಟ್ಟ ಹದ

ನಿಮ್ಮ ಮನೆಯಲ್ಲಿ ಕಾರು ಇರಬಹುದು, ಇಲ್ಲದಿರಬಹುದು. ಆದರೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಹೊರಗೆ ಒಂದು ಹಳೆಯ ಟೈರು ನೇತಾಡುತ್ತಿರುತ್ತದೆ. ಒಳಗೆ ನೀರಿನ ತೊಟ್ಟಿ, ಗಾಳಿಯ ಕಂಪ್ರೆಸರ್, ಸುತ್ತಿಗೆ, ಸಲಾಕೆ. ಹತ್ತು ನಿಮಿಷದಲ್ಲಿ ತೂತು ಹುಡುಕಿ, ಮುಚ್ಚಿ, ಗಾಳಿ ತುಂಬಿ ನಮ್ಮನ್ನು ದಾರಿಗೆ ಹತ್ತಿಸುವ ಆ ಕೈಗಳ ಬಗ್ಗೆ ನನಗೆ ಬಹಳ ಗೌರವ. ಟೈರಿನ ತೂತು ಒಂದು ಮಾತು. ಟೈರು ಕೂರುವ ಲೋಹದ ಬಳೆ, ಎಂದರೆ ರಿಮ್, ಬಾಗಿದರೆ ಅಥವಾ ಬಿರುಕು ಬಿಟ್ಟರೆ ಅದು ಬೇರೆಯೇ ಮಾತು. ಇಂದಿನ ಭಾಷಣದಲ್ಲಿ ಈ ಎರಡನೆಯ ವಿಷಯವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಇದರಲ್ಲಿ ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ, ಜೊತೆಗೆ ನಾನು ಮಾಡಿದ ಒಂದು ತಪ್ಪೂ ಇದೆ. ತಪ್ಪಿನಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾವು ನಾಲ್ವರು ಬಾಡಿಗೆ ಕಾರಿನಲ್ಲಿ ಹಾಸನದ ಕಡೆಗೆ ಹೊರಟಿದ್ದೆವು. ಮಳೆ ನೀರು ತುಂಬಿದ್ದ ಒಂದು ಗುಂಡಿ ಕಣ್ಣಿಗೆ ಕಾಣಲಿಲ್ಲ. ಮುಂದಿನ ಬಲಗಡೆಯ ಚಕ್ರ ದಡ್ ಎಂದು ಬಿತ್ತು. ಇಳಿದು ನೋಡಿದರೆ ಅಲ್ಯುಮಿನಿಯಂ ಮಿಶ್ರಲೋಹದ ರಿಮ್ಮಿನ ಅಂಚು ಎರಡು ಬೆರಳಿನಷ್ಟು ಉದ್ದ ಒಳಕ್ಕೆ ಬಾಗಿತ್ತು. ಹತ್ತಿರದ ಅಂಗಡಿಯವನು, "ಅರ್ಧ ಗಂಟೆ ಕೊಡಿ ಸಾರ್, ಕಾಸಿ ತಟ್ಟಿಕೊಡ್ತೀನಿ. ಬಾಗಿತ್ತು ಅಂತ ಗೊತ್ತೇ ಆಗಲ್ಲ" ಎಂದ. ಗ್ಯಾಸಿನ ಉರಿ ಹಿಡಿದು ಕಾಸಿದ, ಸುತ್ತಿಗೆಯಿಂದ ತಟ್ಟಿದ, ಮೇಲೆ ಬೆಳ್ಳಿ ಬಣ್ಣ ಬಳಿದ. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಖರ್ಚಿನ ಚೀಟಿಗೆ ಸಹಿ ಹಾಕಿದವನು ನಾನೇ.

ನಾನು ವಿಜ್ಞಾನ ಪದವೀಧರ. ಲೋಹಗಳನ್ನು ಕಾಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಎರಡು ಪುಟ ಉತ್ತರ ಬರೆದವನು. ಆ ಉರಿಯ ಮುಂದೆ ನಿಂತಾಗ ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೆ ಹೊತ್ತಾಗಿತ್ತು, ಕೆಲಸ ಕಾಯುತ್ತಿತ್ತು, ಸುಮ್ಮನಾದೆ.

ಮೂರು ವಾರದ ನಂತರ ಅದೇ ಕಾರು, ಅದೇ ಡ್ರೈವರ್. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಇದ್ದಕ್ಕಿದ್ದಂತೆ ಸ್ಟಿಯರಿಂಗ್ ನಡುಗತೊಡಗಿತು. "ಸಾರ್, ಬಲಕ್ಕೆ ಎಳೀತಾ ಇದೆ" ಎಂದ ಡ್ರೈವರ್. ಎದುರಿನಿಂದ ಲಾರಿಯೊಂದು ಹತ್ತಿ ಬರುತ್ತಿತ್ತು. ಆತ ಬ್ರೇಕನ್ನು ಜೋರಾಗಿ ತುಳಿಯದೆ, ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ವೇಗ ತಗ್ಗಿಸಿ ಎಡ ಅಂಚಿಗೆ ತಂದು ನಿಲ್ಲಿಸಿದ. ಲಾರಿ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಚಕ್ರ ಬಿಚ್ಚಿ ನೋಡಿದಾಗ ರಿಮ್ಮಿನ ಒಳಮೈಯಲ್ಲಿ, ಕಾಸಿದ್ದ ಜಾಗದಲ್ಲಿಯೇ, ಬೆರಳುದ್ದದ ಬಿರುಕು. ಬೆಳ್ಳಿ ಬಣ್ಣವೂ ಅದರೊಡನೆ ಸೀಳಿತ್ತು. ಹೀಗೇಕಾಯಿತು ಎಂದು ಡ್ರೈವರ್‌ಗೆ ನಾನು ವಿವರಿಸಿದೆ. ಆತ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದ: "ಇಷ್ಟೆಲ್ಲ ಗೊತ್ತಿತ್ತಲ್ಲ ಸಾರ್, ಅವತ್ತೇ ಒಂದು ಮಾತು ಹೇಳಬಹುದಿತ್ತು."

ಆ ಒಂದು ಮಾತನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ಮೊದಲು ರಿಮ್ ಹೊರುವ ಭಾರವನ್ನು ಲೆಕ್ಕ ಹಾಕೋಣ. ಪೆನ್ಸಿಲು ತೆಗೆದುಕೊಳ್ಳಿ. ಸಾಮಾನ್ಯ ಕಾರಿನ ಟೈರಿಗೆ ಚದರ ಅಂಗುಲಕ್ಕೆ ಸುಮಾರು 32 ಪೌಂಡಿನಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ. ಟೈರಿನ ಹೊರ ವ್ಯಾಸ 60 ಸೆಂಟಿಮೀಟರ್, ರಿಮ್ಮಿನ ವ್ಯಾಸ 35 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಈ ಎರಡು ವೃತ್ತಗಳ ನಡುವಿನ ಉಂಗುರದ ವಿಸ್ತೀರ್ಣ ಸುಮಾರು 1,865 ಚದರ ಸೆಂಟಿಮೀಟರ್. ಇದನ್ನು 2.25ರಿಂದ ಗುಣಿಸಿ. ಟೈರಿನ ಒಂದು ಪಕ್ಕವನ್ನು ಗಾಳಿ ಹೊರಕ್ಕೆ ತಳ್ಳುವ ಬಲ 4,000 ಕಿಲೋಗ್ರಾಮಿಗಿಂತ ಹೆಚ್ಚು! ಅಂದರೆ ಸುಮಾರು ನಾಲ್ಕು ಪುಟ್ಟ ಕಾರುಗಳ ತೂಕ. ಟೈರಿನ ಅಂಚು ಹೊರಕ್ಕೆ ಜಾರದಂತೆ ತಡೆದು ನಿಲ್ಲಿಸುವುದು ರಿಮ್ಮಿನ ತುಟಿಯಂಥ ಆ ಸಣ್ಣ ಅಂಚು.

ಇದೇ ಲೆಕ್ಕವನ್ನು ಲಾರಿಗೆ ಹಾಕಿ. ಟೈರಿನ ವ್ಯಾಸ 100 ಸೆಂಟಿಮೀಟರ್, ರಿಮ್ 50 ಸೆಂಟಿಮೀಟರ್, ಒತ್ತಡ ಚದರ ಸೆಂಟಿಮೀಟರಿಗೆ 7.5 ಕಿಲೋಗ್ರಾಂ ಎಂದರೆ ಉತ್ತರ ಸುಮಾರು 44 ಟನ್ ಬರುತ್ತದೆ. ಇಂದಿಗೂ ಹಲವು ಲಾರಿಗಳ ರಿಮ್ ಒಂದೇ ತುಂಡಿನದಲ್ಲ. ಟೈರನ್ನು ಕೂರಿಸಿದ ಮೇಲೆ ಪಕ್ಕದಲ್ಲಿ ಒಂದು ಉಕ್ಕಿನ ಉಂಗುರವನ್ನು ಸಿಕ್ಕಿಸುತ್ತಾರೆ. ಅದಕ್ಕೆ ಲಾಕ್ ರಿಂಗ್ ಎಂದು ಹೆಸರು. ಅದು ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಗುಂಡಿನಂತೆ ಸಿಡಿಯುತ್ತದೆ. ಇಂಥ ಅಪಘಾತಗಳನ್ನು ತಡೆಯಲೆಂದೇ ಅಮೆರಿಕದಲ್ಲಿ 1980ರಲ್ಲಿ ಪ್ರತ್ಯೇಕ ನಿಯಮವೊಂದನ್ನು ಜಾರಿಗೆ ತಂದರು. ಅಂಥ ಚಕ್ರವನ್ನು ಉಕ್ಕಿನ ಪಂಜರದೊಳಗೆ ಇಟ್ಟು, ಉದ್ದನೆಯ ಕೊಳವೆಯಿಂದ, ದೂರ ನಿಂತು ಗಾಳಿ ತುಂಬಬೇಕು ಎಂಬುದು ಅದರ ತಿರುಳು. ಲಾರಿಯ ಚಕ್ರಕ್ಕೆ ಗಾಳಿ ತುಂಬುವಾಗ ನೀವು ಹತ್ತಿರ ನಿಂತು ನೋಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಟ್ಟುಬಿಡಿ. ಉಂಗುರದ ಎದುರಿಗಂತೂ ಎಂದೂ ನಿಲ್ಲಬೇಡಿ.

ನಮ್ಮ ಮನೆಯಲ್ಲಿ ಹಿಂದೆ ಒಂದು ಸ್ಕೂಟರ್ ಇತ್ತು. ಅದರ ರಿಮ್ ಎರಡು ಹೋಳುಗಳದ್ದು. ಹೋಳುಗಳನ್ನು ಕೂಡಿಸುವ ನಟ್ಟುಗಳೇ ಬೇರೆ, ಚಕ್ರವನ್ನು ವಾಹನಕ್ಕೆ ಬಿಗಿಯುವ ನಟ್ಟುಗಳೇ ಬೇರೆ. ಟ್ಯೂಬ್ ಬದಲಾಯಿಸಲು ಕುಳಿತಾಗಲೆಲ್ಲ ನಮ್ಮ ತಂದೆ ಮೊದಲು ವಾಲ್ವಿನಿಂದ ಗಾಳಿಯನ್ನೆಲ್ಲ ಬಿಟ್ಟು, ಚಕ್ರವನ್ನು ಕೈಯಿಂದ ಅಮುಕಿ ನೋಡಿದ ಮೇಲೆಯೇ ಸ್ಪ್ಯಾನರ್ ಹಿಡಿಯುತ್ತಿದ್ದರು. "ಗಾಳಿ ಇರೋವಾಗ ನಟ್ಟು ಮುಟ್ಟಬೇಡ ಮಗಾ" ಎನ್ನುತ್ತಿದ್ದರು. ಅವರು ಹೆಚ್ಚು ಓದಿದವರಲ್ಲ. ಆದರೆ ಮೇಲಿನ ಲೆಕ್ಕದ ಉತ್ತರ ಅವರ ಕೈಗೆ ಗೊತ್ತಿತ್ತು.

ಇನ್ನು ಲೋಹದ ಕಡೆಗೆ ಬರೋಣ. ಕಾರಿನ ರಿಮ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಉಕ್ಕಿನ ತಗಡನ್ನು ಒತ್ತಿ ರೂಪಿಸಿ, ನಡುವಿನ ತಟ್ಟೆಗೆ ಬೆಸೆದು ಮಾಡಿದ್ದು. ಇನ್ನೊಂದು, ಅಲ್ಯುಮಿನಿಯಂ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ್ದು. ಇದನ್ನೇ ಜನ ಅಲಾಯ್ ವೀಲ್ ಎನ್ನುತ್ತಾರೆ. ಉಕ್ಕಿನ ರಿಮ್ ಪೆಟ್ಟು ಬಿದ್ದರೆ ಬಹಳಮಟ್ಟಿಗೆ ಬಾಗುತ್ತದೆ. ಎರಕದ ಅಲ್ಯುಮಿನಿಯಂ ಸ್ವಲ್ಪ ಬಾಗಿ, ಆಮೇಲೆ ಬಿರುಕು ಬಿಡುತ್ತದೆ.

ಅಲಾಯ್ ಚಕ್ರಗಳಿಗೆ ಹೆಚ್ಚಾಗಿ ಬಳಸುವ ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು 7 ಭಾಗ ಸಿಲಿಕಾನ್, ಅರ್ಧ ಭಾಗಕ್ಕಿಂತ ಕಡಿಮೆ ಮೆಗ್ನೀಸಿಯಂ, ಉಳಿದದ್ದು ಬಹುಪಾಲು ಅಲ್ಯುಮಿನಿಯಂ. ಎರಕ ಹೊಯ್ದ ಮಾತ್ರಕ್ಕೆ ಅದಕ್ಕೆ ಶಕ್ತಿ ಬರುವುದಿಲ್ಲ. ಹಳ್ಳಿಯ ಕಮ್ಮಾರ ಕುಡುಗೋಲಿಗೆ ಹದ ಕೊಡುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕಾಸಿ, ನೀರಿಗೆ ಅದ್ದಿ, ಮತ್ತೆ ಹಿತವಾಗಿ ಕಾಸುತ್ತಾನೆ. ಅಲ್ಯುಮಿನಿಯಂ ಚಕ್ರಕ್ಕೂ ಅಂಥದೊಂದು ಹದವಿದೆ. ಕಾರ್ಖಾನೆಯಲ್ಲಿ ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿ ಕೆಲವು ಗಂಟೆ ಇಡುತ್ತಾರೆ. ಆಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಪರಮಾಣುಗಳು ಅಲ್ಯುಮಿನಿಯಂನಲ್ಲಿ ಕರಗಿ ಹರಡಿಕೊಳ್ಳುತ್ತವೆ. ಕೂಡಲೇ ನೀರಿನಲ್ಲಿ ತಣಿಸಿದರೆ ಅವು ಬೇರೆಯಾಗಲು ಪುರಸತ್ತಿಲ್ಲದೆ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ 150-160 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕೆಲವು ಗಂಟೆ ಇಡುತ್ತಾರೆ. ಆಗ ಅವು ಬಹಳ ಸಣ್ಣ ಕಣಗಳಾಗಿ ಒಟ್ಟುಗೂಡುತ್ತವೆ. ಈ ಕಣಗಳು ಲೋಹದ ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಚಕ್ರದ ಬಲವೆಲ್ಲ ಈ ತಡೆಯಲ್ಲಿದೆ.

ಈ ಗುಟ್ಟು ಹೊರಬಿದ್ದ ಕಥೆ ಸ್ವಾರಸ್ಯಕರ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ 1906ರಲ್ಲಿ ತಾಮ್ರ ಮತ್ತು ಮೆಗ್ನೀಸಿಯಂ ಸೇರಿಸಿದ ಅಲ್ಯುಮಿನಿಯಂ ತುಂಡುಗಳನ್ನು ಕಾಸಿ, ತಣಿಸಿ, ಅವುಗಳ ಗಡಸುತನ ಅಳೆಯುತ್ತಿದ್ದ. ಕೆಲವು ದಿನ ಬಿಟ್ಟು ಮತ್ತೆ ಅಳೆದಾಗ ಯಾರೂ ಮುಟ್ಟದ ಆ ತುಂಡುಗಳು ತಾವಾಗಿಯೇ ಗಟ್ಟಿಯಾಗಿದ್ದವು! ಹಾಗೆ ಹುಟ್ಟಿದ್ದು ಡ್ಯೂರಾಲುಮಿನ್. ವಿಮಾನಗಳ ಮೈ ಅದರಿಂದ ಆಯಿತು. ಕಾರಣ ಮಾತ್ರ ವಿಲ್ಮ್‌ಗೆ ತಿಳಿಯಲಿಲ್ಲ. 1938ರಲ್ಲಿ ಫ್ರಾನ್ಸಿನ ಗಿನಿಯೇ ಮತ್ತು ಇಂಗ್ಲೆಂಡಿನ ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ಕಿರಣಗಳ ನೆರವಿನಿಂದ ಆ ಸೂಕ್ಷ್ಮ ಗುಂಪುಗಳನ್ನು ಗುರುತಿಸಿದರು.

ಈಗ ಹಾಸನದ ದಾರಿಯ ಆ ಗ್ಯಾಸಿನ ಉರಿಯನ್ನು ನೆನಪಿಸಿಕೊಳ್ಳಿ. ಅದು ಚಕ್ರದ ಒಂದೇ ಜಾಗವನ್ನು 150 ಡಿಗ್ರಿಗಿಂತ ಎಷ್ಟೋ ಮೇಲಕ್ಕೆ ಕಾಸಿತು. ಅಲ್ಲಿನ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪವಾದವು, ದೂರದೂರವಾದವು. ತಡೆ ಹೋಯಿತು, ಲೋಹ ಮೆತ್ತಗಾಯಿತು. ಸುಲಭವಾಗಿ ಬಾಗಿ ನೆಟ್ಟಗಾದದ್ದು ಅದಕ್ಕೇ. ನೆಟ್ಟಗಾಯಿತು ಎಂದು ನಾವು ಸಂತೋಷಪಟ್ಟೆವು. ಹದ ಕೆಟ್ಟಿತು ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಇನ್ನೊಂದು ಅಪಾಯವನ್ನೂ ಗಮನಿಸಿ. ಕಬ್ಬಿಣ ಎಷ್ಟು ಕಾದಿದೆ ಎಂಬುದನ್ನು ಅದರ ಕೆಂಪು ಬಣ್ಣ ಹೇಳುತ್ತದೆ. ಅಲ್ಯುಮಿನಿಯಂ ಹಗಲು ಬೆಳಕಿನಲ್ಲಿ ಕೆಂಪಗೆ ಕಾಣುವ ಮೊದಲೇ, 660 ಡಿಗ್ರಿಯಲ್ಲಿ, ಕರಗಿಬಿಡುತ್ತದೆ. ಚಕ್ರದ ಮಿಶ್ರಲೋಹ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕರಗತೊಡಗುತ್ತದೆ. ಕಬ್ಬಿಣದಲ್ಲಿ ಪಳಗಿದ ಕಣ್ಣು ಅಲ್ಯುಮಿನಿಯಂನಲ್ಲಿ ಮೋಸಹೋಗುತ್ತದೆ.

ಬೆಸುಗೆಯ ಕಥೆಯೂ ಇದೇ. ಬಿರುಕನ್ನು ಬೆಸುಗೆಯಿಂದ ಮುಚ್ಚಬಹುದು, ಗಾಳಿ ಸೋರುವುದು ನಿಲ್ಲಲೂಬಹುದು. ಆದರೆ ಬೆಸುಗೆಯ ಇಕ್ಕೆಲದಲ್ಲಿ ಕಾದ ಪಟ್ಟಿಯೊಂದು ಉಳಿಯುತ್ತದೆ. ಅಲ್ಲಿ ಹದವಿರುವುದಿಲ್ಲ. ಮುಂದಿನ ಬಿರುಕು ಅಲ್ಲಿಂದಲೇ ಹೊರಡಬಹುದು.

ಬೆಸುಗೆಯ ವಿಷಯದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆ. ಟೈರು ಮೇಲಿರುವಾಗ ರಿಮ್ಮಿಗೆ ಉರಿ ತಾಗಿಸಲೇಬಾರದು. ಗಾಳಿ ಬಿಟ್ಟಿದ್ದೇವಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ಸಾಲದು. ಕಾದ ರಿಮ್ಮಿಗೆ ತಾಗಿದ ರಬ್ಬರು ಒಳಗೊಳಗೇ ಒಡೆದು, ಹೊತ್ತಿಕೊಳ್ಳುವ ಅನಿಲಗಳನ್ನು ಬಿಡುತ್ತದೆ. ಟೈರಿನ ಮುಚ್ಚಿದ ಹೊಟ್ಟೆಯಲ್ಲಿ ಆ ಅನಿಲ ಗಾಳಿಯೊಡನೆ ಬೆರೆತು ಹೊತ್ತಿಕೊಂಡರೆ ವಾಲ್ವಿನ ಸಣ್ಣ ತೂತಿನಿಂದ ಹೊರಗೆ ಬರಲು ಅದಕ್ಕೆ ದಾರಿ ಎಲ್ಲಿದೆ? ಇಡೀ ಟೈರು ಸಿಡಿಯುತ್ತದೆ. ಉರಿ ಆರಿಸಿದ ಎಷ್ಟೋ ಹೊತ್ತಿನ ನಂತರವೂ ಹೀಗಾಗಬಹುದು. ಟೈರನ್ನು ಕೂರಿಸಲು ಪೆಟ್ರೋಲು ಎರಚಿ ಬೆಂಕಿ ಕೊಡುವ ಸಾಹಸವೂ ಇದೇ ಜಾತಿಯದು.

ಹಾಗಾದರೆ ಅಂದೇ ಒಡೆಯದ ರಿಮ್ ಮೂರು ವಾರದ ನಂತರ ಏಕೆ ಒಡೆಯಿತು? ಈ ಪ್ರಶ್ನೆ ನಿಮ್ಮಲ್ಲಿ ಹುಟ್ಟಿರಬೇಕು. ಉತ್ತರಕ್ಕಾಗಿ ಒಂದು ಕಟ್ಟುವ ತಂತಿಯ ತುಂಡನ್ನು ತೆಗೆದುಕೊಳ್ಳಿ. ಒಮ್ಮೆ ಬಾಗಿಸಿ, ನೆಟ್ಟಗೆ ಮಾಡಿ. ಅದೇ ಜಾಗದಲ್ಲಿ ಮತ್ತೆ ಬಾಗಿಸಿ. ಎರಡನೆಯ, ಮೂರನೆಯ ಸಲಕ್ಕೆ ಅದು ಮೊದಲಿಗಿಂತ ಗಟ್ಟಿಯಾದಂತೆ ತೋರುತ್ತದೆ. ಬಾಗುವ ಜಾಗ ಬೆಚ್ಚಗಾಗುತ್ತದೆ. ಹತ್ತಾರು ಸಲದ ನಂತರ ಪಟ್ಟನೆ ಮುರಿಯುತ್ತದೆ. ಒಮ್ಮೆ ಬಾಗಿಸಿದ ಬಲದಿಂದ ಮುರಿಯದ ತಂತಿ ಅದೇ ಬಲದ ಪುನರಾವರ್ತನೆಯಿಂದ ಮುರಿಯಿತು. ಕಣ್ಣಿಗೆ ಕಾಣುವಷ್ಟು ಬಾಗದ ಸಣ್ಣ ಬಲಗಳೂ ಲಕ್ಷಾಂತರ ಸಲ ಬಿದ್ದರೆ ಇದೇ ಕೆಲಸ ಮಾಡುತ್ತವೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಈ ದಣಿವನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿಯಿತು. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳಿಗೆ ಬೆಂಕಿ ಹತ್ತಿ 50ಕ್ಕೂ ಹೆಚ್ಚು ಮಂದಿ ಸತ್ತರು. ದಿನವೂ ಸರಿಯಾಗಿ ಓಡುತ್ತಿದ್ದ ಅಚ್ಚು ಏಕೆ ಮುರಿಯಿತು ಎಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ, ಎಷ್ಟು ಬಲಕ್ಕೆ ಎಷ್ಟು ಸುತ್ತು ತಾಳುತ್ತವೆ ಎಂದು ಲೆಕ್ಕ ಇಟ್ಟ. ಉಕ್ಕಿನ ಮೇಲೆ ಬೀಳುವ ಬಲ ಒಂದು ಮಿತಿಗಿಂತ ಕಡಿಮೆ ಇದ್ದರೆ ಅದು ಬಹುಕಾಲ ದಣಿಯದೆ ಉಳಿಯುತ್ತದೆ ಎಂದು ತಿಳಿಯಿತು. ಅಲ್ಯುಮಿನಿಯಂಗೆ ಅಂಥ ಸ್ಪಷ್ಟವಾದ ಮಿತಿಯಿಲ್ಲ. ಅದು ನಿಧಾನವಾಗಿಯಾದರೂ ದಣಿಯುತ್ತಲೇ ಹೋಗುತ್ತದೆ.

ಚಕ್ರ ಎಷ್ಟು ದಣಿಯುತ್ತದೆ ನೋಡಿ. 60 ಸೆಂಟಿಮೀಟರ್ ವ್ಯಾಸದ ಚಕ್ರ ಒಂದು ಕಿಲೋಮೀಟರ್ ಉರುಳಲು ಸುಮಾರು 530 ಸುತ್ತು ಹಾಕಬೇಕು. ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ 75,000 ಸುತ್ತಿಗೂ ಮಿಕ್ಕಿತು. ಪ್ರತಿ ಸುತ್ತಿನಲ್ಲೂ ರಿಮ್ಮಿನ ಪ್ರತಿಯೊಂದು ಭಾಗ ಒಮ್ಮೆ ಭಾರ ಹೊತ್ತು, ಒಮ್ಮೆ ಇಳಿಸುತ್ತದೆ. ಹದ ಕೆಟ್ಟ ಜಾಗದಲ್ಲಿ, ಸುತ್ತಿಗೆಯ ಪೆಟ್ಟಿನಿಂದ ಎದ್ದ ಗೀರಿನ ತುದಿಯಲ್ಲಿ, ಬಿರುಕು ಪ್ರತಿ ಸುತ್ತಿಗೂ ಕೂದಲೆಳೆಗಿಂತ ಎಷ್ಟೋ ಕಡಿಮೆ ಮುಂದುವರಿಯುತ್ತದೆ. ಮೂರು ವಾರ ನಾವು ನಿಶ್ಚಿಂತೆಯಿಂದ ಹಾಡು ಕೇಳುತ್ತಾ ಓಡಾಡಿದಾಗಲೂ ಅದು ತನ್ನ ಕೆಲಸ ಮಾಡುತ್ತಿತ್ತು.

ಆದ್ದರಿಂದಲೇ ಹೊಸ ಚಕ್ರಗಳ ಮಾದರಿಗಳನ್ನು ಕಾರ್ಖಾನೆಯಲ್ಲಿ ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ತಿರುವಿನಲ್ಲಿ ಬೀಳುವಂಥ ಬಲವನ್ನು ಕೊಟ್ಟು ತಿರುಗಿಸುತ್ತಾರೆ. ಭಾರ ಹೇರಿ ಡ್ರಮ್ಮಿನ ಮೇಲೆ ಉರುಳಿಸುತ್ತಾರೆ. ಅಲಾಯ್ ಚಕ್ರವನ್ನು ಓರೆಯಾಗಿ ನಿಲ್ಲಿಸಿ ಅಂಚಿನ ಮೇಲೆ ತೂಕ ಬೀಳಿಸುತ್ತಾರೆ. ನಮ್ಮ ದೇಶದಲ್ಲೂ ಕಾರಿನ ಚಕ್ರಗಳಿಗೆ ಐ.ಎಸ್. 9436 ಎಂಬ ಮಾನಕವಿದೆ. ಕಾಸಿ ತಟ್ಟಿದ ರಿಮ್ ಇಂಥ ಯಾವ ಪರೀಕ್ಷೆಯನ್ನೂ ಮತ್ತೆ ಎದುರಿಸುವುದಿಲ್ಲ. ಅದರ ಪರೀಕ್ಷೆ ನಡೆಯುವುದು ರಸ್ತೆಯ ಮೇಲೆ, ನಾವು ಒಳಗೆ ಕುಳಿತಿರುವಾಗ.

"ಹಾಗಾದರೆ ರಿಪೇರಿಯೇ ಮಾಡಬಾರದೇ?" ಎಂದು ನೀವು ಕೇಳಬಹುದು. ಮಾಡಬಹುದಾದದ್ದೂ ಇದೆ, ಬಾರದ್ದೂ ಇದೆ.

ಕಲ್ಲಿಗೆ ಉಜ್ಜಿ ಬಣ್ಣ ಹೋಗಿದೆ, ಮೇಲುಮೇಲೆ ಗೀರು ಬಿದ್ದಿದೆ, ಬೇರೇನೂ ಆಗಿಲ್ಲ ಎಂದರೆ ನಯಗೊಳಿಸಿ ಬಣ್ಣ ಹಚ್ಚಬಹುದು. ಅಲಾಯ್ ಚಕ್ರಕ್ಕೆ ಪುಡಿ ಬಣ್ಣ ಹಾಕಿ ಒಲೆಯಲ್ಲಿ ಬೇಯಿಸುವ ಪದ್ಧತಿಯೂ ಇದೆ. ಆ ಒಲೆಯ ಉಷ್ಣತೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ. ಹದ ಬಂದ ಉಷ್ಣತೆಗಿಂತ ಇದು ಹೆಚ್ಚು ಎಂಬುದನ್ನು ನೀವೇ ಗುರುತಿಸಿದ್ದೀರಿ. ಆದ್ದರಿಂದ ಹೊತ್ತನ್ನೂ ಕಾವನ್ನೂ ಅಳೆದು ಮಾಡುವವರಲ್ಲಿ ಮಾತ್ರ ಮಾಡಿಸಬೇಕು.

ಉಕ್ಕಿನ ರಿಮ್ಮಿನ ಅಂಚು ಸ್ವಲ್ಪ ಬಾಗಿದ್ದು, ಬಿರುಕಿಲ್ಲದೆ, ಪೆಟ್ಟು ಬೆಸುಗೆಯ ಜಾಗದಿಂದಲೂ ನಟ್ಟಿನ ತೂತುಗಳಿಂದಲೂ ದೂರವಿದ್ದರೆ, ಟೈರು ತೆಗೆದು, ಕಾಸದೆ, ಯಂತ್ರದಲ್ಲಿ ನಿಧಾನವಾಗಿ ಒತ್ತಿ ಸರಿಪಡಿಸುವುದುಂಟು. ಆದರೂ ಕಾರು ತಯಾರಿಸಿದವರ ಕೈಪಿಡಿ ಏನು ಹೇಳುತ್ತದೆಯೋ ಅದೇ ಕೊನೆಯ ಮಾತು. ಅಲಾಯ್ ರಿಮ್ ಬಾಗಿದ್ದರೆ ಕಾಸುವುದು, ತಟ್ಟುವುದು, ಬೆಸೆಯುವುದು ಯಾವುದಕ್ಕೂ ಹಲವು ತಯಾರಕರು ಒಪ್ಪುವುದಿಲ್ಲ. ಯಾವ ಬಗೆಯ ರಿಮ್ಮಿನಲ್ಲೇ ಆಗಲಿ, ಬಿರುಕು ಕಂಡರೆ, ನಟ್ಟಿನ ತೂತು ಅಗಲವಾಗಿದ್ದರೆ, ತುಕ್ಕು ಲೋಹವನ್ನು ತಿಂದಿದ್ದರೆ ಅದರ ಕಾಲ ಮುಗಿಯಿತೆಂದೇ ತಿಳಿಯಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ರಿಮ್ಮಿಗೂ ಸಲ್ಲುತ್ತದೆ.

ಬಿರುಕನ್ನು ಹುಡುಕುವುದು ಹೇಗೆ? ನಿಮ್ಮ ಅಡಿಗೆಮನೆಯಲ್ಲೇ ಉತ್ತರವಿದೆ. ಹಳೆಯ ಪಿಂಗಾಣಿ ಕಪ್ಪಿನಲ್ಲಿ ಚಹಾದ ಬಣ್ಣದ ಸಣ್ಣ ಗೆರೆಗಳನ್ನು ನೋಡಿದ್ದೀರಲ್ಲವೇ? ಕಣ್ಣಿಗೆ ಕಾಣದ ಸೀಳಿನೊಳಗೆ ಚಹಾ ಇಳಿದು ಅದನ್ನು ಎತ್ತಿ ತೋರಿಸಿದೆ. ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಇದೇ ಉಪಾಯ ಮಾಡುತ್ತಿದ್ದರು. ಲೋಹದ ಭಾಗಕ್ಕೆ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಬಿಳಿ ಪುಡಿಯನ್ನು ಬಳಿಯುತ್ತಿದ್ದರು. ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಪುಡಿಗೆ ಏರಿ ಕಪ್ಪು ಗೆರೆಯಾಗಿ ಕಾಣುತ್ತಿತ್ತು. ನೀವು ಓದಿರುವ ಕೇಶಾಕರ್ಷಣೆಯೇ ಇದು. ಇಂದು ಅದೇ ತತ್ತ್ವದ ಮೇಲೆ ಕೆಂಪು ಬಣ್ಣದ ದ್ರವಗಳು ಬಂದಿವೆ. ಒಡೆದ ಬಸಿಯೊಂದರ ಮೇಲೆ ಶಾಯಿ ಹಚ್ಚಿ ಒರೆಸಿ ನೀವೂ ಮಾಡಿ ನೋಡಬಹುದು.

ತಟ್ಟಿ ಕೇಳುವುದು ಇನ್ನೊಂದು ವಿಧಾನ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಬೆರಳಿನಿಂದ ತಟ್ಟಿ ನೋಡುತ್ತಾಳೆ. ಒಳ್ಳೆಯ ಮಡಕೆ ಠಣ್ ಎನ್ನುತ್ತದೆ, ಸೀಳಿದ್ದು ಬೊದ್ದು ದನಿ ಕೊಡುತ್ತದೆ. ರೈಲಿನ ಗಾಲಿಗಳನ್ನೂ ಹೀಗೆ ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸುವ ವಾಡಿಕೆ ಇತ್ತು. ಆದರೆ ಸಣ್ಣ ಬಿರುಕುಗಳು ಈ ಪರೀಕ್ಷೆಗೆ ಸಿಕ್ಕದೇ ಹೋಗಬಹುದು. ದನಿ ಚೆನ್ನಾಗಿದೆ ಎಂಬುದೊಂದನ್ನೇ ನಂಬಬಾರದು.

ನೆಟ್ಟಗಿದೆಯೇ ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಬಾರದು. ಚಕ್ರವನ್ನು ತಿರುಗಿಸಿ, ಮುಳ್ಳಿನ ಗಡಿಯಾರದಂಥ ಅಳತೆಯ ಸಾಧನವನ್ನು ತಾಗಿಸಿ, ಓಲಾಟ ಎಷ್ಟು ಮಿಲಿಮೀಟರ್ ಎಂದು ನೋಡುತ್ತಾರೆ. ಆಮೇಲೆ ತೂಕದ ಸಮತೋಲ ನೋಡುತ್ತಾರೆ. ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ವ್ಯತ್ಯಾಸವಿದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ನಾಲ್ಕೂವರೆ ಕಿಲೋಗ್ರಾಮಿಗೂ ಹೆಚ್ಚಿನ ಬಲದಿಂದ ಚಕ್ರವನ್ನು ಸುತ್ತಲೂ ಎಳೆಯುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಏಕೆಂದು ನಿಮ್ಮ ಉಪಾಧ್ಯಾಯರನ್ನು ಕೇಳಿ. ವೃತ್ತೀಯ ಚಲನೆಯ ಪಾಠ ಇದರಿಂದ ಬೇಗ ಮನಸ್ಸಿಗೆ ಹತ್ತುತ್ತದೆ.

ದಾರಿಯಲ್ಲಿ ಚಕ್ರಕ್ಕೆ ಜೋರಾದ ಪೆಟ್ಟು ಬಿದ್ದರೆ ಏನು ಮಾಡಬೇಕು? ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ರಿಮ್ಮಿನ ಹೊರಗೂ ಒಳಗೂ ನೋಡಬೇಕು. ಪೆಟ್ಟಾಗಿದ್ದರೆ ಸ್ಟೆಪ್ನಿ ಹಾಕಿಕೊಳ್ಳಬೇಕು. ಈ ಪದದ ಮೂಲ ತಿಳಿದಿದೆಯೇ? 1904ರ ಸುಮಾರಿಗೆ ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರು ನಮ್ಮ ಹಳ್ಳಿಯ ಡ್ರೈವರ್‌ನ ಬಾಯಲ್ಲಿ ಇಂದಿಗೂ ಇದೆ. ಸ್ಟೆಪ್ನಿ ಹಾಕುವಾಗ ಕಾರು ಸಮನಾದ ಗಟ್ಟಿ ನೆಲದಲ್ಲಿರಲಿ. ಕೈಬ್ರೇಕ್ ಎಳೆದು, ಬೇರೆ ಚಕ್ರಗಳಿಗೆ ಕಲ್ಲು ಕೊಡಿ. ಎತ್ತುವ ಮೊದಲೇ ನಟ್ಟುಗಳನ್ನು ತುಸು ಸಡಿಲಿಸಿ. ಜಾಕಿಯನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ನಟ್ಟುಗಳನ್ನು ಒಂದರ ಎದುರು ಒಂದರಂತೆ ಸರದಿಯಲ್ಲಿ, ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಐವತ್ತು ನೂರು ಕಿಲೋಮೀಟರ್ ಹೋದ ಮೇಲೆ ಮತ್ತೊಮ್ಮೆ ನೋಡಬೇಕು.

ಇನ್ನು ಖರ್ಚಿನ ಮಾತು. ಹೊಸ ರಿಮ್ಮಿಗೆ ಹಣ ಬೇಕು, ನಿಜ. ಬಾಡಿಗೆ ಕಾರು ಓಡಿಸುವವನಿಗೆ ಅದು ಹಲವು ದಿನಗಳ ಸಂಪಾದನೆ ಆಗಬಹುದು. ಅವನು ಕಾಸಿ ತಟ್ಟಿಸುವುದು ಅಜ್ಞಾನದಿಂದಲ್ಲ, ಅನಿವಾರ್ಯದಿಂದ. ಆದರೆ ಅದೇ ಕಾರಿಗೆ ಒಪ್ಪುವ ಉಕ್ಕಿನ ರಿಮ್ ಅಲಾಯ್‌ಗಿಂತ ಸಾಮಾನ್ಯವಾಗಿ ಅಗ್ಗ. ಅಳತೆ, ತೂತುಗಳು, ನಟ್ಟುಗಳು ಹೊಂದುವಂತೆ ನೋಡಿ ಅದನ್ನು ಹಾಕಿಸಬಹುದು. ಒಡೆದ ಅಲ್ಯುಮಿನಿಯಂ ರಿಮ್ಮೂ ವ್ಯರ್ಥವಲ್ಲ, ಗುಜರಿಗೆ ಬೆಲೆಯಿದೆ. ಅದಿರಿನಿಂದ ಅಲ್ಯುಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 5 ಭಾಗದಷ್ಟು ಶಕ್ತಿಯಿಂದಲೇ ಗುಜರಿಯನ್ನು ಕರಗಿಸಿ ಮತ್ತೆ ಲೋಹ ಮಾಡಬಹುದು. ಮಾರುವ ಮುನ್ನ ಅಂಚನ್ನು ಗರಗಸದಿಂದ ಕೊಯ್ದುಬಿಡಿ. ಇಲ್ಲವಾದರೆ ಬೆಳ್ಳಿ ಬಣ್ಣ ಬಳಿದುಕೊಂಡು ಅದು ಇನ್ನೊಬ್ಬರ ಕಾರಿಗೆ ಹೋಗಬಹುದು.

ಮಿತ್ರರೇ, ಶಿರಾಡಿ ಘಾಟಿಯ ಆ ಮಧ್ಯಾಹ್ನದ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ಅಲಾಯ್ ರಿಮ್ಮಿಗೆ ಉರಿ ಹಿಡಿಯುವುದನ್ನು ಕಂಡರೆ ಹತ್ತಿರ ಹೋಗಿ, "ಅಣ್ಣಾ, ಕಾಸಿದರೆ ಇದರ ಹದ ಹೋಗುತ್ತಂತೆ" ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು, "ಮೂವತ್ತು ವರ್ಷದಿಂದ ಮಾಡ್ತಾ ಇದೀನಿ ಸಾರ್" ಎನ್ನುತ್ತಾರೆ. ಒಬ್ಬ ಮಾತ್ರ ಉರಿ ಆರಿಸಿ, "ಹಂಗಾ? ಕಬ್ಬಿಣಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿ" ಎಂದು ಸ್ಟೂಲು ಎಳೆದು ಕೊಟ್ಟ. ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೇ ಇಂದಿನ ಈ ಭಾಷಣ.

ನೀವು ಓದುವ ವಿಜ್ಞಾನ ಉತ್ತರಪತ್ರಿಕೆಯಲ್ಲಿ ಮುಗಿಯದಿರಲಿ. ರಸ್ತೆ ಬದಿಯಲ್ಲಿ, ಸರಿಯಾದ ಹೊತ್ತಿನಲ್ಲಿ, ವಿನಯದಿಂದ ಹೇಳುವ ಒಂದು ಮಾತಾಗಲಿ. ನಾನು ಹೇಳದೆ ಉಳಿದವನು. ನೀವು ಹೇಳಿ.